ಹಳೇ ಕಾಲದ ಹಾಗೆ ಕೈಯಲ್ಲಿ ಬರೆದ ಮರದ ನಾಮಫಲಕ: ಮಳೆಗಾಲ ತಡೆಯಬೇಕಾದರೆ ಏನು ಮಾಡಬೇಕು?

ಕೇಳಿದವರು, ಸಾಗರ

ಬಾಗಿಲ ಪಕ್ಕಕ್ಕೆ "ಶ್ರೀ ಲಕ್ಷ್ಮೀ ನಿಲಯ" ಅಂತ ಕೈಯಲ್ಲೇ ಬರೆದ ಬೋರ್ಡು ಬೇಕು. ಹಿಂದಿನ ಅಂಗಡಿ ಬೋರ್ಡುಗಳಲ್ಲಿ ಇರುತ್ತಿತ್ತಲ್ಲ, ನೆರಳು ಕೊಟ್ಟ ದುಂಡನೆಯ ಅಕ್ಷರ, ಹಾಗೆ. ಹಳೇ ಬಾಗಿಲಿನ ಸಾಗುವಾನಿ ಹಲಗೆ ಸಿಕ್ಕಿದೆ: 30 ಇಂಚು ಉದ್ದ, 9 ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಮೇಲೆ ಹಳೇ ಹಸಿರು ಪೇಂಟು ಇದೆ. ಕಳೆದ ವರ್ಷ ಪೈನ್ ಹಲಗೆ ಮೇಲೆ ಬರೆದದ್ದು ಒಂದೇ ಮಳೆಗಾಲಕ್ಕೆ ದೋಣಿ ಹಾಗೆ ಬಾಗಿತು, ಬಣ್ಣ ಹಕ್ಕಳೆ ಎದ್ದಿತು. ಯಾವ ಬಣ್ಣ, ಎಷ್ಟು ಕೋಟು, ಅಕ್ಷರ ಹೇಗೆ ಕೂರಿಸಬೇಕು, ಹಳೇ ಕಳೆ ಹೇಗೆ ಬರುತ್ತದೆ? ಬಲ್ಲವರು ತಿಳಿಸಿ.

ಮರಗೆಲಸ, ಶಿರಸಿ

ಬಾಗಿದ್ದಕ್ಕೆ ಪೈನ್ ಒಂದನ್ನೇ ದೂರಬೇಡಿ. ಮುಂದೆ ಮಾತ್ರ ಬಣ್ಣ ಹಚ್ಚಿ ಹಿಂದೆ ಬರೀ ಮರ ಬಿಟ್ಟರೆ ಹಿಂಬದಿ ತೇವ ಕುಡಿದು ಹಿಗ್ಗುತ್ತದೆ, ಮುಂಬದಿ ಹಿಗ್ಗುವುದಿಲ್ಲ. ಹಿಂದೆ ಉಬ್ಬಿ ಮುಂದೆ ತಗ್ಗುತ್ತದೆ. ಸಾಗುವಾನಿಯೂ ಇದಕ್ಕೆ ಹೊರತಲ್ಲ, ನಿಧಾನವಾಗಿ ಬಾಗುತ್ತದೆ ಅಷ್ಟೇ. ಮುಂದೆ ಎಷ್ಟು ಕೋಟೋ ಹಿಂದೆಯೂ ಅಷ್ಟೇ ಕೊಡಿ. ಅಡ್ಡ ಕೊಯ್ದ ಎರಡು ತುದಿಗಳು ಬತ್ತಿ ಎಣ್ಣೆ ಎಳೆದ ಹಾಗೆ ನೀರು ಎಳೆಯುತ್ತವೆ, ಅಲ್ಲಿಗೆ ಪ್ರೈಮರ್ ಒಂದು ಕೋಟು ಹೆಚ್ಚಿಗೆ. ಹಕ್ಕಳೆ ಏಳುವುದು ಹೆಚ್ಚಾಗಿ ಈ ತುದಿಗಳಿಂದಲೇ ಶುರುವಾಗುತ್ತದೆ.

ಹಳೇ ಹಸಿರು ಪೇಂಟನ್ನು ಒಣಗಿದ ಹಾಗೇ ಉಜ್ಜಬೇಡಿ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಾಗಿಲಿನ ಬಣ್ಣದಲ್ಲಿ ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡಿ. ಪೇಂಟ್ ರಿಮೂವರ್ ಹಚ್ಚಿ ಕೆರೆದು ತೆಗೆಯಿರಿ, ಉಳಿದದ್ದನ್ನು 120 ನಂಬರಿನ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ. ಎನ್95 ಮಾಸ್ಕ್ ಇರಲಿ, ಮಕ್ಕಳು ಹತ್ತಿರ ಬರಬಾರದು. ಕೆಸರನ್ನು ಪೇಪರಿನಲ್ಲಿ ಒರೆಸಿ ಕಟ್ಟಿ ಬಿಸಾಡಿ, ತೋಟಕ್ಕೆ ಚೆಲ್ಲಬೇಡಿ. ಗ್ಯಾಸ್ ಬರ್ನರ್ ಹಿಡಿದು ಸುಡುವುದಂತೂ ಬೇಡವೇ ಬೇಡ. ಆಮೇಲೆ ನೆರಳಿನಲ್ಲಿ, ಎರಡೂ ಬದಿ ಗಾಳಿಯಾಡುವ ಹಾಗೆ ನಿಲ್ಲಿಸಿ ನಾಲ್ಕು ದಿನ ಒಣಗಿಸಿ. ಬಿಸಿಲಿಗೆ ಇಟ್ಟರೆ ಸೀಳುತ್ತದೆ.

ಒಣಗಿದ ಮೇಲೆ 120, ಆಮೇಲೆ 180 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಎಳೆಯ ಉದ್ದಕ್ಕೇ ಉಜ್ಜಬೇಕು. ಸಾಗುವಾನಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಬಣ್ಣ ಬೇಗ ಒಣಗುವುದಿಲ್ಲ, ಹಿಡಿಯುವುದೂ ಇಲ್ಲ. ಬಿಳಿ ಬಟ್ಟೆಗೆ ಥಿನ್ನರ್ ಅದ್ದಿ ಒರೆಸಿ, ಬಟ್ಟೆಗೆ ಹಳದಿ ಹತ್ತುವುದು ಕಡಿಮೆಯಾಗುವ ತನಕ. ಥಿನ್ನರ್ ಆರಿದ ಕೂಡಲೇ ಪ್ರೈಮರ್ ಹಚ್ಚಿ. ಮರುದಿನಕ್ಕೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

ಹಿಂದೆ ಎರಡು ಪಟ್ಟಿ ಬೇಕು. ಅರ್ಧ ಇಂಚು ದಪ್ಪ, 7 ಇಂಚು ಉದ್ದ, ತುದಿಯಿಂದ 5 ಇಂಚು ಒಳಗೆ, ಎಳೆಗೆ ಅಡ್ಡಲಾಗಿ. ಅಂಟು ಹಾಕಬೇಡಿ, ಹಲಗೆ ಹಿಗ್ಗಿ ಕುಗ್ಗಲು ಜಾಗ ಇಲ್ಲದೆ ಸೀಳು ಬಿಡುತ್ತದೆ. ಪಟ್ಟಿಗೆ ಮೂರು ಸ್ಕ್ರೂ: ನಡುವಿನದು ಬಿಗಿ, ಅಕ್ಕಪಕ್ಕದ ತೂತುಗಳನ್ನು ಪಟ್ಟಿಯ ಉದ್ದಕ್ಕೇ 2–3 ಮಿ.ಮೀ. ಹಿಗ್ಗಿಸಿ. 1 ಇಂಚಿನ ಸ್ಕ್ರೂ ಸಾಕು, ಒಂದೂಕಾಲು ಹಾಕಿದರೆ ಮೊನೆ ಮುಂದೆ ಇಣುಕುತ್ತದೆ. ಹಿತ್ತಾಳೆ ಅಥವಾ ಸ್ಟೀಲ್ ಸ್ಕ್ರೂ ಇರಲಿ. ಕಬ್ಬಿಣದ್ದು ಸಾಗುವಾನಿಯಲ್ಲಿ ತೇವ ತಾಗಿದೊಡನೆ ಸುತ್ತ ಕಪ್ಪು ಕಲೆ ಬಿಡುತ್ತದೆ. ಹಿತ್ತಾಳೆ ಮೆತ್ತಗೆ, ಗಟ್ಟಿ ಮರದಲ್ಲಿ ತಲೆ ಮುರಿಯುತ್ತದೆ. ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ತಿರುಗಿಸಿ ತೆಗೆದು, ಅದೇ ತೂತಿಗೆ ಹಿತ್ತಾಳೆಯದನ್ನು ಮೇಣ ಸವರಿ ಹಾಕಿ.

ಪೇಂಟಿಂಗ್ ಕೆಲಸ, ಮಂಗಳೂರು

ಶಿರಸಿಯವರು ಹೇಳಿದ ಮೇಲೆ ಮರದ ಬಗ್ಗೆ ಸೇರಿಸುವಂಥದ್ದು ಇಲ್ಲ. ಬಣ್ಣದ ವಿಷಯಕ್ಕೆ ಬರುತ್ತೇನೆ.

ವುಡ್ ಪ್ರೈಮರ್ ಕೇಳಿ ತನ್ನಿ, ಪಿಂಕ್ ಅಥವಾ ಬಿಳಿ. ರೆಡ್ ಆಕ್ಸೈಡ್ ಪ್ರೈಮರ್ ಕಬ್ಬಿಣಕ್ಕೆ, ಮರಕ್ಕಲ್ಲ. ಹತ್ತರಲ್ಲಿ ಒಂದು ಪಾಲು ಟರ್ಪೆಂಟೈನ್ ಬೆರೆಸಿ ಮೊದಲ ಕೋಟು, ಅದು ಒಳಗೆ ಇಳಿಯಬೇಕು. ಮೊಳೆ ತೂತು, ಬಿರುಕುಗಳಿಗೆ ಪುಟ್ಟಿ ತುಂಬುವುದು ಪ್ರೈಮರ್ ಆದ ಮೇಲೆ. ಬರೀ ಮರಕ್ಕೆ ಪುಟ್ಟಿ ಹಾಕಿದರೆ ಮರ ಅದರ ಎಣ್ಣೆ ಹೀರಿಕೊಂಡು ಪುಟ್ಟಿ ಉದುರುತ್ತದೆ. 220ರಲ್ಲಿ ಹಗುರಾಗಿ ಉಜ್ಜಿ ಎರಡನೇ ಪ್ರೈಮರ್, ಆಮೇಲೆ ನೆಲದ ಬಣ್ಣ (ಅಕ್ಷರದ ಹಿಂದೆ ಹಲಗೆ ತುಂಬ ಬರುವ ಬಣ್ಣ) ಎರಡು ಕೋಟು. ಸಿಂಥೆಟಿಕ್ ಎನಾಮೆಲ್, ಸ್ಯಾಟಿನ್ ಫಿನಿಶ್. ಗ್ಲಾಸಿ ಫಿನಿಶ್ ಹಾಕಿದರೆ ಹೊಳೆದು ಹೊಸ ಬೀರುವಿನ ಹಾಗೆ ಕಾಣುತ್ತದೆ. ಕೋಟಿನ ನಡುವೆ 24 ಗಂಟೆ. ನಿಮ್ಮ ಕಡೆ ಗಾಳಿಯಲ್ಲಿ ತೇವ ಇದ್ದರೆ 36. ಉಗುರು ಒತ್ತಿ ನೋಡಿ, ಗುರುತು ಬಿದ್ದರೆ ಇನ್ನೂ ಆಗಿಲ್ಲ ಅಂತ.

ನಿಮ್ಮ ಹಲಗೆ ಎರಡೂ ಬದಿ, ಅಂಚು ಸೇರಿ ನಾಲ್ಕೂಕಾಲು ಚದರಡಿ. ಎರಡು ಕೋಟಿಗೆ 100 ಎಂಎಲ್ ಡಬ್ಬಿ ತೀರಾ ಬಿಗಿ, 200ರದ್ದು ತನ್ನಿ. ಅಕ್ಷರಕ್ಕೆ 50 ಎಂಎಲ್ ಧಾರಾಳ, ನೆರಳಿಗೆ ಇನ್ನೊಂದು 50.

ಬಿಸಿಲು ಬೀಳುವ ಗೋಡೆಯಾದರೆ ಕಾವಿ ಕೆಂಪು, ಕಡು ಹಸಿರು, ಕೆನೆ ಬಿಳಿ, ಮಣ್ಣಿನ ಹಳದಿ ಆರಿಸಿ. ಕಾವಿ ಮತ್ತು ಮಣ್ಣಿನ ಹಳದಿ ಕಬ್ಬಿಣದ ಆಕ್ಸೈಡಿನಿಂದ ಬಂದ ಬಣ್ಣಗಳು, ಬಿಸಿಲಿಗೆ ಹೆದರುವುದಿಲ್ಲ. ಝಗಝಗಿಸುವ ಕೆಂಪು, ಗುಲಾಬಿ ಬೇಗ ಪೇಲವವಾಗುತ್ತವೆ.

ಬೋರ್ಡ್ ಬರಹ, ದಾವಣಗೆರೆ

ಹಳೇ ಕಳೆ ಬರುವುದು ಅಕ್ಷರದಿಂದ. ಅದನ್ನು ಸರಿಯಾಗಿ ಕೂರಿಸಿದರೆ ಬೇರೆ ಏನೂ ಮಾಡಬೇಕಿಲ್ಲ.

ಕನ್ನಡದಲ್ಲಿ ಸಾಲು ಅಂದರೆ ಮೂರು ಅಂತಸ್ತು: ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. ನಿಮ್ಮ ಹೆಸರಿನಲ್ಲಿ ಶ್ರೀಯ ಒತ್ತಿದೆ, ಕ್ಷ್ಮೀಗೆ ಎರಡು ಒತ್ತು ಇವೆ. ನಡುವಿನ ಅಕ್ಷರ ಎರಡೂವರೆ ಇಂಚು ಇಟ್ಟುಕೊಳ್ಳಿ, 25 ಅಡಿ ದೂರದ ಗೇಟಿನಿಂದ ಆರಾಮಾಗಿ ಓದಬಹುದು. ಹಲಗೆಯ ಮೇಲಂಚಿನಿಂದ 3 ಇಂಚಿಗೆ ತಲೆಕಟ್ಟಿನ ಗೆರೆ, ಐದೂವರೆಗೆ ಅಡಿಗೆರೆ, 7ಕ್ಕೆ ಒತ್ತಿನ ಗೆರೆ. ಒತ್ತನ್ನೂ ಸೇರಿಸಿ ಮಧ್ಯ ಲೆಕ್ಕ ಹಾಕಿದರೆ ಸಾಲು ಮೇಲಕ್ಕೆ ತೇಲಿದ ಹಾಗೆ ಕಾಣುತ್ತದೆ. ಕ್ಷ್ಮೀಯಲ್ಲಿ ಮ ಒತ್ತನ್ನು ಷ ಒತ್ತಿನ ಬಲಕ್ಕೆ, ದೀರ್ಘದ ಅಡಿಗೆ ತನ್ನಿ. ಒಂದರ ಕೆಳಗೊಂದು ಹಾಕಿದರೆ ಗೆರೆ ದಾಟಿ ಅಂಚು ಮುಟ್ಟುತ್ತದೆ.

ಅಕ್ಷರದ ನಡುವೆ ಸ್ಕೇಲ್ ಇಟ್ಟು ಸಮ ಅಳೆಯಬೇಡಿ. ಲ, ಯ ದುಂಡಗಿವೆ, ಎರಡು ದುಂಡು ಪಕ್ಕಪಕ್ಕ ಬಂದಾಗ ಹತ್ತಿರ ತರಬೇಕು. ದೀರ್ಘದ ಕೊಂಡಿ ಆದ ಮೇಲೆ ಸ್ವಲ್ಪ ಬಿಡಬೇಕು. ಹಾಳೆಯ ಮೇಲೆ ಬರೆದು ತಲೆಕೆಳಗು ಮಾಡಿ ನೋಡಿ, ಓದುವ ಗೋಜು ಇಲ್ಲದಾಗ ಕಣ್ಣಿಗೆ ಜಾಗ ಮಾತ್ರ ಕಾಣುತ್ತದೆ.

ಬ್ರಷ್ ಮೂರು ಸಾಕು: ಮೆತ್ತನೆ ಕೂದಲಿನ 6ನೇ ನಂಬರ್ ದುಂಡು ಬ್ರಷ್, ಕಾಲು ಇಂಚು ಚಪ್ಪಟೆ, ನೆರಳಿಗೆ 3ನೇ ನಂಬರ್. ಗೋಡೆಗೆ ಹಚ್ಚುವ ಗಟ್ಟಿ ಕೂದಲಿನದು ಗೀರು ಬಿಡುತ್ತದೆ. ಬಣ್ಣವನ್ನು ಡಬ್ಬಿಯಿಂದ ನೇರ ಎತ್ತಬೇಡಿ. ಒಂದು ಚಮಚ ತಟ್ಟೆಗೆ ಹಾಕಿ ನಾಲ್ಕೈದು ಹನಿ ಟರ್ಪೆಂಟೈನ್ ಬೆರೆಸಿ, ಬ್ರಷ್ಷನ್ನು ಹಾಳೆಯ ಮೇಲೆ ಎರಡೂ ಮಗ್ಗುಲು ಎಳೆದು ಮೊನೆ ಮಾಡಿಕೊಳ್ಳಿ. ಗೆರೆ ಎಳೆಯುವಾಗ ಜಗ್ಗಿದರೆ ಇನ್ನೆರಡು ಹನಿ. ಅಂಚು ಹರಡಿದರೆ ಹನಿ ಜಾಸ್ತಿಯಾಗಿದೆ, ಬಣ್ಣ ಸೇರಿಸಿ. ತಲೆಕಟ್ಟು ಚಪ್ಪಟೆ ಬ್ರಷ್ಷಿನಲ್ಲಿ ಒಂದೇ ಎಳೆತಕ್ಕೆ ಬರಬೇಕು. ದುಂಡನ್ನು ಎರಡು ಭಾಗ ಮಾಡಿ: ಮೇಲಿನಿಂದ ಎಡಕ್ಕೆ ಇಳಿದು ನಿಲ್ಲಿ, ಮತ್ತೆ ಮೇಲಿನಿಂದ ಬಲಕ್ಕೆ ಇಳಿದು ಸೇರಿಸಿ. ಕೈ ನಡುಗದಿರಲು ಎಡಗೈಯಲ್ಲಿ ಎರಡಡಿ ಕೋಲು ಹಿಡಿದು, ತುದಿಗೆ ಬಟ್ಟೆ ಉಂಡೆ ಕಟ್ಟಿ ಹಲಗೆಗೆ ಊರಿ, ಬಲಗೈ ಮಣಿಕಟ್ಟನ್ನು ಅದರ ಮೇಲೆ ಇಡಿ. ತಪ್ಪಿದ ಗೆರೆಯನ್ನು ಕೂಡಲೇ ಒರೆಸಬೇಡಿ, ಕಲೆ ಹರಡುತ್ತದೆ. ಒಣಗಿದ ಮೇಲೆ ನೆಲದ ಬಣ್ಣದಲ್ಲೇ ಅಂಚು ಕತ್ತರಿಸಿ ಸರಿಮಾಡಿ.

ನೆರಳು ಎಡಕ್ಕೆ ಮತ್ತು ಕೆಳಕ್ಕೆ ಕೊಡಿ. ನಮ್ಮ ದೀರ್ಘ, ಕೊಂಬು ಬಲಕ್ಕೆ ಚಾಚುತ್ತವೆ, ಬಲಕ್ಕೆ ನೆರಳು ಕೊಟ್ಟರೆ ಮುಂದಿನ ಅಕ್ಷರಕ್ಕೆ ಡಿಕ್ಕಿಯಾಗುತ್ತದೆ. ಅಕ್ಷರದ ಗೆರೆ 10 ಮಿ.ಮೀ. ದಪ್ಪ ಇದ್ದರೆ ನೆರಳು 3–4 ಸಾಕು. ಅಕ್ಷರಕ್ಕೂ ನೆರಳಿಗೂ ನಡುವೆ 2 ಮಿ.ಮೀ. ನೆಲ ಕಾಣಲಿ, ಸಣ್ಣ ನಡುಕಗಳನ್ನೆಲ್ಲ ಆ ಸಂದು ಮುಚ್ಚಿಹಾಕುತ್ತದೆ. ಅಚ್ಚ ಕಪ್ಪು ನೆರಳು ಬೇಡ, ನೆಲದ ಬಣ್ಣಕ್ಕೇ ಕಪ್ಪು ಬೆರೆಸಿದ್ದು ಹಾಕಿ. ಒತ್ತಕ್ಷರಕ್ಕೂ ನೆರಳು ಕೊಡುವುದನ್ನು ಮರೆಯಬೇಡಿ, ಹೊಸಬರು ಮರೆಯುವುದು ಅಲ್ಲೇ.

ಅಕ್ಷರ ವಿನ್ಯಾಸ, ಬೆಂಗಳೂರು

ಕೈಯಲ್ಲಿ ನೇರ ಬರೆಯಲು ಧೈರ್ಯ ಇಲ್ಲದಿದ್ದರೆ ನಿಜ ಅಳತೆಯಲ್ಲಿ ಪ್ರಿಂಟ್ ತೆಗೆದು ಎ4 ಹಾಳೆ ಅಂಟಿಸಿಕೊಳ್ಳಿ. ಕೆಲವು ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ, ಕ್ಷ್ಮೀ ಒಡೆದಿದೆಯೇ ಅಂತ ಮೊದಲು ನೋಡಿ. ಕಡು ನೆಲಕ್ಕಾದರೆ ಹಾಳೆಯ ಹಿಂದೆ ಬಿಳಿ ಸೀಮೆಸುಣ್ಣ ಉಜ್ಜಿ, ತಿಳಿ ನೆಲಕ್ಕೆ ಪೆನ್ಸಿಲ್. ಮುಂದಿನಿಂದ ಬಾಲ್‌ಪೆನ್ನಿನಲ್ಲಿ ತಿದ್ದಿ. ಕಾರ್ಬನ್ ಪೇಪರ್ ಬೇಡ, ಅದರ ಜಿಡ್ಡು ತಿಳಿ ಬಣ್ಣದ ಮೂಲಕ ಹೊರಬರುತ್ತದೆ.

ಇದನ್ನು ಓದುವ ಬೇರೆಯವರಿಗೆ: ಹೆಸರಿನಲ್ಲಿ ಧ, ಭ, ಫ ಇದ್ದರೆ ಕೆಳಗಿನ ಸೀಳು ಮುಖ್ಯ. ದಪ್ಪ ಬ್ರಷ್ಷಿನಲ್ಲಿ ಅದು ಮುಚ್ಚಿಹೋಗಿ "ಧನ" ಹೋಗಿ "ದನ" ಆಗುತ್ತದೆ. ಷ ಒಳಗಿನ ಗೆರೆ ಹೋದರೆ ಪ. ಸೀಳಿನ ಎರಡೂ ಬದಿಗೆ ಕನಿಷ್ಠ 3 ಮಿ.ಮೀ. ನೆಲ ಉಳಿಸಿ.

ಹಳೇ ಪೀಠೋಪಕರಣ ದುರಸ್ತಿ, ಮೈಸೂರು

ಸವೆದ ನೋಟ ಬೇಕೆಂದರೆ ಹೀಗೆ. ಕಾವಿ ಬಣ್ಣ ಕೆಳಗೆ, ಹಸಿರು ಮೇಲೆ ಅಂದುಕೊಳ್ಳಿ. ಕಾವಿ ಒಣಗಿದ ಮೇಲೆ ಅಂಚು, ಮೂಲೆಗಳಿಗೆ ಮೇಣದ ಬತ್ತಿ ಉಜ್ಜಿ ಹಸಿರು ಹಚ್ಚಿ. ಒಣಗಿದಾಗ 220ರಲ್ಲಿ ಉಜ್ಜಿದರೆ ಮೇಣ ಇದ್ದಲ್ಲೆಲ್ಲ ಹಸಿರು ಕಿತ್ತು ಕಾವಿ ಕಾಣುತ್ತದೆ. ಕೈ ತಾಗುವ, ನೀರು ಇಳಿಯುವ ಜಾಗದಲ್ಲಿ ಮಾತ್ರ ಸವೆಸಿ. ಎಲ್ಲ ಕಡೆ ಸಮವಾಗಿ ಉಜ್ಜಿದರೆ ಕೃತಕ ಅಂತ ಗೊತ್ತಾಗುತ್ತದೆ. ಉಳಿದ ಮೇಣವನ್ನು ಟರ್ಪೆಂಟೈನಿನಲ್ಲಿ ಪೂರ್ತಿ ತೆಗೆಯಿರಿ, ಇಲ್ಲವಾದರೆ ವಾರ್ನಿಶ್ ಹಿಡಿಯುವುದಿಲ್ಲ.

ಬಣ್ಣವಿಲ್ಲದೆ ಬೂದು ಮರದ ನೆಲ ಬೇಕಿದ್ದವರು 250 ಎಂಎಲ್ ಬಿಳಿ ವಿನೆಗರಿಗೆ ಒಂದು ಹಿಡಿ ಸ್ಟೀಲ್ ವೂಲ್ ಹಾಕಿ ಎರಡು ದಿನ ಬಿಡಿ, ಮುಚ್ಚಳ ಸಡಿಲ ಇರಲಿ, ಅನಿಲ ಬರುತ್ತದೆ. ಸೋಸಿ ಹಚ್ಚಿದರೆ ಮರದ ಒಗರಿನ ಅಂಶದ ಜೊತೆ ಸೇರಿ ಕಪ್ಪು-ಬೂದು ಬರುತ್ತದೆ. ಪೈನ್‌ನಲ್ಲಿ ಒಗರು ಕಡಿಮೆ, ಅದಕ್ಕೆ ಮೊದಲು ಗಟ್ಟಿ ಚಹಾ ಡಿಕಾಕ್ಷನ್ ಬಳಿದು ಒಣಗಿಸಿ. ಫೆವಿಕಾಲ್ ಬಳಿದು ಬಿರುಕು ಬರಿಸುವ ವಿಧಾನ ನೀರಿನ ಬಣ್ಣಕ್ಕೆ, ಮನೆಯೊಳಗೆ ಮಾತ್ರ. ಮಳೆ ತೇವಕ್ಕೆ ಅಂಟು ಮೆತ್ತಗಾಗುತ್ತದೆ.

ಬೋರ್ಡ್ ಬರಹ, ದಾವಣಗೆರೆ

ಮೈಸೂರಿನ ಅಣ್ಣಾವ್ರು ಹೇಳಿದ ಕ್ರಮ ಸರಿ ಇದೆ, ಆದರೆ ಸಾಗರದ ಮಳೆಗೆ ಬಣ್ಣವನ್ನು ನಾವೇ ಕಿತ್ತು ಮರ ತೆರೆಯುವುದು ಬೇಡ. ಸವೆಸುವುದಿದ್ದರೆ ಕಾವಿ ಕಾಣುವ ತನಕ ಮಾತ್ರ, ಪ್ರೈಮರ್ ಮುಟ್ಟಬಾರದು. ಅಕ್ಷರದ ಮೇಲಂತೂ ಪೇಪರ್ ಇಡಬೇಡಿ.

ಕೇಳಿದವರು, ಸಾಗರ

ಎಲ್ಲರಿಗೂ ನಮಸ್ಕಾರ, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಎರಡೇ ಪ್ರಶ್ನೆ: ಮೇಲೆ ವಾರ್ನಿಶ್ ಬೇಕಾ? ಅಕ್ಷರ ಕೆನೆ ಬಿಳಿ. ಗೋಡೆಗೆ ಹೇಗೆ ಹಾಕುವುದು?

ಪೇಂಟಿಂಗ್ ಕೆಲಸ, ಮಂಗಳೂರು

ಎನಾಮೆಲ್‌ಗೆ ವಾರ್ನಿಶ್ ಕಡ್ಡಾಯವಲ್ಲ. ಎರಚಲು ನೇರ ಹೊಡೆಯುವ ಗೋಡೆಯಾದರೆ ಹಾಕಿ. ಎಣ್ಣೆ ವಾರ್ನಿಶ್ ಬಿಳಿಯನ್ನು ಹಳದಿ ಮಾಡುತ್ತದೆ. ಹೊರಾಂಗಣಕ್ಕೆಂದೇ ಇರುವ ನೀರಿನ ಪಿಯು (ಪಾಲಿಯುರೆಥೇನ್) ವಾರ್ನಿಶ್, ಮ್ಯಾಟ್, ಎರಡು ತೆಳು ಕೋಟು. ಅಕ್ಷರ ಬರೆದು ಕನಿಷ್ಠ ಒಂದು ವಾರ ಬಿಟ್ಟು, ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಿದ ಮೇಲೆ ಇಡೀ ಬೋರ್ಡಿಗೆ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್, ಮೆಲಮೈನ್ ಪಾಲಿಶ್ ಹಾಕಲೇಬೇಡಿ. ಅದರ ಥಿನ್ನರ್ ಎನಾಮೆಲನ್ನು ಸುಕ್ಕುಗಟ್ಟಿಸಿ ಎಬ್ಬಿಸುತ್ತದೆ. ಅರಗಿನ ಪಾಲಿಶ್ ಕೂಡ ಹೊರಗೆ ಬೇಡ, ನೀರು ಬಿದ್ದರೆ ಬೆಳ್ಳಗಾಗುತ್ತದೆ. ಈ ಕೆಲಸವೆಲ್ಲ ಡಿಸೆಂಬರಿನಿಂದ ಮಾರ್ಚ್ ಒಳಗೆ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ.

ಮರಗೆಲಸ, ಶಿರಸಿ

ಹಲಗೆ, ಪಟ್ಟಿ ಸೇರಿ ಎರಡೂವರೆ ಕಿಲೋದೊಳಗೇ ತೂಗುತ್ತದೆ. ಗೋಡೆಗೆ ಗಿಟ್ಟಿ (ಸ್ಕ್ರೂ ಹಿಡಿಯಲು ತೂತಿನೊಳಗೆ ಹಾಕುವ ಪ್ಲಗ್) ಹೊಡೆದು ಎರಡು ಸ್ಟೀಲ್ ಸ್ಕ್ರೂ, ಹಿಂದಿನ ಪಟ್ಟಿಗಳಿಗೆ ಹಿತ್ತಾಳೆ ಕೊಂಡಿ. ಪಟ್ಟಿಯ ದಪ್ಪದಿಂದಲೇ ಗೋಡೆಗೂ ಹಲಗೆಗೂ ಅರ್ಧ ಇಂಚು ಸಂದು ಸಿಗುತ್ತದೆ, ಗಾಳಿಯಾಡಲು ಅದು ಬೇಕೇ ಬೇಕು. ಸಿಮೆಂಟ್ ಮೆತ್ತಿ ಮುಚ್ಚಬೇಡಿ. ಪಟ್ಟಿಯ ಮೇಲಂಚನ್ನು ಇಳಿಜಾರಾಗಿ ಹೆರೆದರೆ ನೀರು ನಿಲ್ಲುವುದಿಲ್ಲ. ಮಳೆಗಾಲ ಮುಗಿದ ಮೇಲೆ ಒಮ್ಮೆ ಇಳಿಸಿ ಹಿಂದೆ ಗೆದ್ದಲಿನ ಮಣ್ಣಿನ ಗೆರೆ ಇದೆಯೇ ನೋಡಿ, ತುದಿಗಳಲ್ಲಿ ಬಣ್ಣ ಬಿಟ್ಟಿದ್ದರೆ ಅಷ್ಟಕ್ಕೇ ಪ್ರೈಮರ್ ಮತ್ತು ಎನಾಮೆಲ್ ತಾಗಿಸಿ ಮತ್ತೆ ಹಾಕಿ.