ಕೊಲಂಬೊದಲ್ಲಿ ನಿಂತ ಕಾಫಿ ಕಂಟೇನರ್: ತಡಕ್ಕೆ ಕಾರಣವೇನು, ವೆಚ್ಚ ಯಾರದು?

ಪ್ರಶ್ನೆ: ನಮಸ್ಕಾರ ಸರ್. ಹಾಸನದ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಸಂಸ್ಕರಣಾ ಘಟಕದಲ್ಲಿ) ರೋಬಸ್ಟಾ ಚೆರ್ರಿ ಕಾಫಿ ತುಂಬಿಸಿ, ನವಮಂಗಳೂರು ಬಂದರಿನಿಂದ ಇಟಲಿಯ ಟ್ರಿಯೆಸ್ಟೆಗೆ ಕಳುಹಿಸಿದ ನಮ್ಮ ಇಪ್ಪತ್ತಡಿ ಕಂಟೇನರ್ ಕೊಲಂಬೊದಲ್ಲಿ ಇಳಿದು ಹತ್ತೊಂಬತ್ತು ದಿನಗಳಾದವು. ಮುಂದಿನ ಹಡಗಿನ ಹೆಸರು ಎರಡು ಬಾರಿ ಬಂತು, ಎರಡು ಬಾರಿಯೂ ಕಂಟೇನರ್ ಹತ್ತಲಿಲ್ಲ. ಕೆಂಪು ಸಮುದ್ರದ ತೊಂದರೆಯಿಂದ ದಾರಿ ದೂರವಾಗಿದೆ ಎಂಬುದು ಗೊತ್ತು. ಆದರೆ ಹೊರಡುವುದಕ್ಕೇ ಏಕೆ ಇಷ್ಟು ತಡ? ನಮ್ಮದು ಎಫ್‌ಒಬಿ ಒಪ್ಪಂದ, ಅಂದರೆ ಸರಕು ಹಡಗಿಗೆ ಏರುವವರೆಗೆ ಮಾತ್ರ ನಮ್ಮ ಹೊಣೆ. ಡೆಮರೇಜ್ (ಬಂದರಿನಲ್ಲಿ ಕಂಟೇನರ್ ಹೆಚ್ಚು ದಿನ ನಿಂತದ್ದಕ್ಕೆ ಹಾಕುವ ಶುಲ್ಕ) ನಮ್ಮ ತಲೆಗೆ ಬರುತ್ತದೆಯೇ?

ಉತ್ತರ (ಮಂಗಳೂರಿನ ಫ್ರೈಟ್ ಫಾರ್ವರ್ಡರ್, ಅಂದರೆ ಸರಕು ಸಾಗಣೆ ಏರ್ಪಾಡು ಮಾಡುವ ಏಜೆಂಟ್): ನಮಸ್ಕಾರ. 2023ರ ನವೆಂಬರ್‌ನಲ್ಲಿ ಕೆಂಪು ಸಮುದ್ರದ ಹಡಗುಗಳ ಮೇಲೆ ಯೆಮೆನ್‌ನ ಹೂತಿ ಬಂಡುಕೋರರ ದಾಳಿ ಆರಂಭವಾದ ಮೇಲೆ ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ದಕ್ಷಿಣ ತುದಿಯ ಗುಡ್‌ಹೋಪ್ ಭೂಶಿರವನ್ನು ಸುತ್ತತೊಡಗಿದವು. ಟ್ರಿಯೆಸ್ಟೆಯ ಸರಕಿಗೆ ಈ ಸುತ್ತು ಇನ್ನಷ್ಟು ದುಬಾರಿ, ಏಕೆಂದರೆ ಹಡಗು ಜಿಬ್ರಾಲ್ಟರ್‌ವರೆಗೆ ಹೋಗಿ, ಅಲ್ಲಿಂದ ಮತ್ತೆ ಪೂರ್ವಕ್ಕೆ ತಿರುಗಿ ಮೆಡಿಟರೇನಿಯನ್ ಸಮುದ್ರವನ್ನು ಬಹುದೂರ ದಾಟಬೇಕು.

ನಿಮ್ಮ ತಡಕ್ಕೆ ಕಾರಣ ಇದರ ಬೆನ್ನಿಗೇ ಇದೆ. ವಾರಕ್ಕೊಂದು ಹಡಗು ಬಿಡುವ ಸೇವೆಯಲ್ಲಿ ಹೋಗಿಬರಲು 84 ದಿನ ಹಿಡಿದರೆ 12 ಹಡಗು ಸಾಕು. ಅದೇ 105 ದಿನವಾದರೆ 15 ಬೇಕು. ಹಡಗು ಹೊಂದಿಸಲಾಗದ ವಾರದ ಪೆಟ್ಟಿಗೆಗಳು ಕೊಲಂಬೊ ಯಾರ್ಡಿನಲ್ಲೇ ಉಳಿದು, ಮುಂದಿನ ವಾರದವುಗಳ ಜೊತೆ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಮೇಲಾಗಿ, ಸಮಯ ತಪ್ಪಿದ ಎರಡು ಮೂರು ಹಡಗುಗಳು ಒಟ್ಟಿಗೆ ಬಂದು ಬರ್ತ್‌ಗಾಗಿ (ಹಡಗು ನಿಲ್ಲುವ ಕಟ್ಟೆಗಾಗಿ) ಹೊರಗೆ ಲಂಗರು ಹಾಕುತ್ತವೆ. ಯಾರ್ಡ್ ತುಂಬಿದಾಗ ಅಡಿಯಲ್ಲಿರುವ ಒಂದು ಪೆಟ್ಟಿಗೆ ತೆಗೆಯಲು ಮೇಲಿನ ನಾಲ್ಕನ್ನು ಸರಿಸಬೇಕಾಗಿ, ಕೆಲಸ ಇನ್ನೂ ನಿಧಾನವಾಗುತ್ತದೆ. ಟ್ರ್ಯಾಕಿಂಗ್‌ನಲ್ಲಿ ತೋರುವ ದಿನಾಂಕ ಬರೀ ಅಂದಾಜು, ಲಗ್ನಪತ್ರಿಕೆಯ ಮುಹೂರ್ತವಲ್ಲ.

ಎಫ್‌ಒಬಿಯಲ್ಲಿ ಸರಕು ಮಂಗಳೂರಿನಲ್ಲಿ ಹಡಗಿಗೆ ಏರಿದಾಗಲೇ ಹೊಣೆ ಖರೀದಿದಾರರಿಗೆ ದಾಟಿದೆ. ಟ್ರಾನ್ಸ್‌ಶಿಪ್‌ಮೆಂಟ್‌ಗೆ (ನಡುವಿನ ಬಂದರಿನಲ್ಲಿ ಹಡಗು ಬದಲಿಸುವುದಕ್ಕೆ) ಕಾಯುವಾಗ ಕಂಟೇನರ್ ಶಿಪ್ಪಿಂಗ್ ಲೈನ್‌ನ ವಶದಲ್ಲಿರುವುದರಿಂದ ಆ ದಿನಗಳಿಗೆ ಸಾಮಾನ್ಯವಾಗಿ ಡೆಮರೇಜ್ ಹಾಕುವುದಿಲ್ಲ. ನಿಮಗೆ ಪೆಟ್ಟು ಬೀಳುವುದು ಹಾಸನದಲ್ಲಿ: ಖಾಲಿ ಕಂಟೇನರ್ ಪಡೆದ ದಿನದಿಂದಲೇ ಫ್ರೀ ಡೇಸ್ (ಶುಲ್ಕವಿಲ್ಲದೆ ಇಟ್ಟುಕೊಳ್ಳಬಹುದಾದ ದಿನಗಳು) ಲೆಕ್ಕ ಶುರು. ಮಂಗಳೂರಿನಿಂದ ಕೊಲಂಬೊಗೆ ಒಯ್ಯುವ ಚಿಕ್ಕ ಫೀಡರ್ ಹಡಗು ತಡವಾಗಿ, ತುಂಬಿದ ಕಂಟೇನರ್ ಒಳಬಿಡಲು ಬಂದರಿನ ಗೇಟ್ ತೆರೆಯುವ ದಿನ ಮುಂದೆ ಹೋದರೆ, ತುಂಬಿದ ಕಂಟೇನರ್ ನಿಮ್ಮ ಬಳಿಯೇ ನಿಂತು ಡಿಟೆನ್ಶನ್ (ಬಂದರಿನ ಹೊರಗೆ ಕಂಟೇನರ್ ಹೆಚ್ಚು ದಿನ ಇಟ್ಟುಕೊಂಡದ್ದಕ್ಕೆ ಹಾಕುವ ಶುಲ್ಕ) ಬೆಳೆಯುತ್ತದೆ. ಆದ್ದರಿಂದ ಗೇಟ್ ತೆರೆಯುವ ದಿನ ಖಚಿತವಾಗದೆ ಖಾಲಿ ಕಂಟೇನರ್ ತರಿಸಬೇಡಿ.

ಮರುಪ್ರಶ್ನೆ: ಧನ್ಯವಾದಗಳು ಸರ್. ಇಷ್ಟು ದಿನ ನಿಂತು ಕಾಫಿಗೆ ಬೂಷ್ಟು ಬಂದರೆ ವಿಮೆ ಸಿಗುತ್ತದೆಯೇ?

ಉತ್ತರ: ಖರೀದಿದಾರರು ವಿಮೆ ಮಾಡಿಸಿದ್ದರೂ, ಬರೀ ವಿಳಂಬದಿಂದಾದ ನಷ್ಟವನ್ನು ಸಾಮಾನ್ಯ ಸಾಗರ ವಿಮಾ ಪಾಲಿಸಿಗಳು ಸ್ಪಷ್ಟವಾಗಿ ಹೊರಗಿಡುತ್ತವೆ. ಹಗಲು ಕಾದ ಕಂಟೇನರಿನ ತಗಡು ರಾತ್ರಿ ತಣಿದಾಗ ಒಳಮಾಡಿನಲ್ಲಿ ನೀರಹನಿ ಕಟ್ಟಿ, ಮೇಲಿನ ಸಾಲಿನ ಗೋಣಿಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಮುಂದಿನ ಸಲ ಒಳಗೋಡೆಗೆ ಕ್ರಾಫ್ಟ್ ಕಾಗದ ಹೊದಿಸಿ, ತೇವ ಹೀರುವ ಚೀಲಗಳನ್ನು ಹಳೆಯ ಪ್ರಯಾಣದ ಲೆಕ್ಕಕ್ಕಲ್ಲ, ಈಗಿನ ದಿನಗಳ ಲೆಕ್ಕಕ್ಕೆ ತೂಗುಹಾಕಿಸಿ. ತುಂಬಿಸಿದ ದಿನದ ತೇವಾಂಶ ಪರೀಕ್ಷೆಯ ವರದಿ ಮತ್ತು ಬಾಗಿಲು ಮುಚ್ಚುವ ಮುನ್ನ ತೆಗೆದ ಫೋಟೋ ನಿಮ್ಮಲ್ಲಿದ್ದರೆ ಇಂದೇ ಖರೀದಿದಾರರಿಗೆ ಕಳುಹಿಸಿಬಿಡಿ.