ದೊಡ್ಡಪ್ಪ ಹಾಕಿದ ಫಾರ್ವರ್ಡು, ಅಪ್ಪನ 6.1

ದೊಡ್ಡಪ್ಪ: (ಫಾರ್ವರ್ಡ್ ಆಗಿ ಬಂದದ್ದು) ಡಯಾಲಿಸಿಸ್ ಮಾಡಿಸಿಕೊಳ್ಳುವ ಸಕ್ಕರೆ ಕಾಯಿಲೆಯವರ ಗಮನಕ್ಕೆ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತಿಳಿಸುವ ರಕ್ತಪರೀಕ್ಷೆ) ಮಾಡಿಸಿ. 6.5ರ ಒಳಗಿದ್ದರೆ ಶುಗರ್ ಪೂರ್ತಿ ಹತೋಟಿಯಲ್ಲಿದೆ. ದಿನಾ ಬೆರಳು ಚುಚ್ಚುವ ಅಗತ್ಯವಿಲ್ಲ. ಎಲ್ಲರಿಗೂ ತಲುಪಿಸಿ.

ದೊಡ್ಡಪ್ಪ: ಎಲ್ರೂ ಓದಿ. ತಮ್ಮಂದು ಹೋದ ವಾರ 6.1 ಬಂದಿದೆ. ಆದ್ರೂ ದಿನಾ ಚುಚ್ಚಿ ಯಾಕೆ ಹಿಂಸೆ ಕೊಡ್ತೀರಾ ಅವನಿಗೆ, ವಾರಕ್ಕೆ ಮೂರು ಸಲ ಆ ದಪ್ಪ ಸೂಜಿ ಚುಚ್ಚಿಸ್ಕೊಳೋದು ಸಾಲ್ದಾ

ಅಪ್ಪ: ಅಣ್ಣ ಹೇಳೋದು ನಂಗೂ ಸರಿ ಅನ್ಸತ್ತೆ. ಬೆರಳ ತುದಿ ಎಲ್ಲಾ ಗಟ್ಟಿಯಾಗಿ ಹೋಗಿದೆ

ನಾನು: ದೊಡ್ಡಪ್ಪ, ಅಪ್ಪನ ಶುಗರ್ ಬರೆಯೋ ಪುಸ್ತಕ ನನ್ನತ್ರನೇ ಇದೆ. 6.1 ಅಂದ್ರೆ ಸರಾಸರಿ 128ರ ಹತ್ರ ಇರಬೇಕು. ಪುಸ್ತಕದಲ್ಲಿ ಹೆಚ್ಚಿನವು 180 ದಾಟಿದಾವೆ, ಡಯಾಲಿಸಿಸ್ ಆದ ರಾತ್ರಿ 270, ಅದ್ರ ಮಧ್ಯೆ ಭಾನುವಾರ ಬೆಳಗ್ಗೆ 58. ಈ ಎರಡೂ ಹೆಂಗೆ ಹೊಂದ್ಕೊಳತ್ತೆ ನೀವೇ ಹೇಳಿ

ದೊಡ್ಡಪ್ಪ: ಲ್ಯಾಬ್ ನಂಬಬೇಕಾ ಮನೇ ಮೀಟರ್ ನಂಬಬೇಕಾ? ಲ್ಯಾಬಿನವ್ರು ಸುಳ್ಳು ರಿಪೋರ್ಟ್ ಕೊಡ್ತಾರಾ?

ಅತ್ತಿಗೆ (ಸವಿತಾ): ಮಾವ, ತಪ್ಪು ತಿಳ್ಕೋಬೇಡಿ, ಡಯಾಲಿಸಿಸ್ ಯೂನಿಟ್ಟಲ್ಲೇ ಕೆಲಸ ಮಾಡ್ಕೊಂಡು ಇದನ್ನ ನೋಡಿ ಸುಮ್ನಿರಕ್ಕಾಗಲ್ಲ. ಲ್ಯಾಬ್ ಸುಳ್ಳು ಹೇಳಿಲ್ಲ. ಆ ಟೆಸ್ಟಲ್ಲಿ ನೋಡೋದು ಕೆಂಪು ರಕ್ತಕಣದೊಳಗಿರೋ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಅಂತ, ಆರೋಗ್ಯವಾಗಿರೋರಲ್ಲಿ ಒಂದು ಕಣ ಸುಮಾರು 120 ದಿನ ಬದುಕತ್ತೆ, ಮೂರು ತಿಂಗಳ ಲೆಕ್ಕ ಬಂದಿದ್ದೇ ಅದರಿಂದ, ಆದ್ರೆ ಕಿಡ್ನಿ ಕೆಲಸ ನಿಲ್ಸಿದೋರಲ್ಲಿ ಕಣಗಳು ಅದಕ್ಕಿಂತ ಬೇಗ ಸಾಯ್ತವೆ, ಸಾಲದ್ದಕ್ಕೆ ರಕ್ತ ಹೆಚ್ಚಲಿ ಅಂತ ನಾವೇ ಎರಿಥ್ರೋಪೊಯಿಟಿನ್ ಇಂಜೆಕ್ಷನ್ ಕೊಡ್ತೀವಿ, ಅದರಿಂದ ಹೊಸ ಕಣಗಳು ಬರ್ತಾನೇ ಇರ್ತವೆ, ಅವಕ್ಕೆ ಸಕ್ಕರೆ ಅಂಟೋಕೆ ಟೈಮೇ ಆಗಿರಲ್ಲ. ಒಳಗೆ ಶುಗರ್ ಹೆಚ್ಚಿದ್ರೂ ರಿಪೋರ್ಟಲ್ಲಿ ಕಮ್ಮಿ ಕಾಣತ್ತೆ. ಚಿಕ್ಕಮಾವಂಗೆ ಹೋದ ತಿಂಗಳು ರಕ್ತ ಬೇರೆ ಏರಿಸಿದ್ರು, ಬೇರೆಯವರ ಕಣನೂ ಸೇರಿರೋ ಆ 6.1 ನಂಬ್ಕೊಂಡು ಇನ್ಸುಲಿನ್ ಹೆಂಗೆ ತೀರ್ಮಾನ ಮಾಡೋದು

ದೊಡ್ಡಪ್ಪ: ಹಂಗಿದ್ರೆ ಡಾಕ್ಟ್ರು ಯಾಕಮ್ಮ ಆ ಟೆಸ್ಟ್ ಬರ್ಕೊಟ್ರು?

ಅತ್ತಿಗೆ: ಹಿಂದಿನದಕ್ಕೂ ಈಗಿನದಕ್ಕೂ ಹೋಲಿಸಿ ನೋಡೋಕೆ ಬರೀತಾರೆ ಮಾವ. 10, 11 ಬಂದ್ರೆ ಶುಗರ್ ಜಾಸ್ತಿ ಇದೆ ಅಂತ ಬಹುಮಟ್ಟಿಗೆ ಗೊತ್ತಾಗತ್ತೆ. ಕಮ್ಮಿ ಬಂದಾಗ ಮಾತ್ರ ನೆಮ್ಮದಿ ಪಡೋ ಹಾಗಿಲ್ಲ. 2022ರ ಕೆಡಿಗೋ ಗೈಡ್‌ಲೈನ್ ಅಂತಿದೆ, ಕಿಡ್ನಿ ಡಾಕ್ಟರುಗಳು ನೋಡೋದು ಅದನ್ನೇ, ಕಾಯಿಲೆ ಕೊನೇ ಹಂತಕ್ಕೆ ಬಂದಾಗ, ಅದ್ರಲ್ಲೂ ಡಯಾಲಿಸಿಸ್‌ನಲ್ಲಿ, ಈ ಟೆಸ್ಟಿನ ಭರವಸೆ ಕಮ್ಮಿ ಅಂತ ಅದ್ರಲ್ಲೇ ಇದೆ. 6.5ರಿಂದ 8ರೊಳಗೆ ಅವರವರಿಗೆ ತಕ್ಕ ಗುರಿ ಇಟ್ಕೊಳಿ ಅಂತ ಅವ್ರು ಹೇಳಿರೋದೂ ಡಯಾಲಿಸಿಸ್ ಶುರುವಾಗದೇ ಇರೋರಿಗೆ

ತಮ್ಮ: ಬೇರೆ ಯಾವ್ದೂ ಟೆಸ್ಟ್ ಇಲ್ವಾ ಅತ್ತಿಗೆ

ಅತ್ತಿಗೆ: ಗ್ಲೈಕೇಟೆಡ್ ಆಲ್ಬುಮಿನ್, ಫ್ರಕ್ಟೋಸಮೈನ್ ಅಂತ ಇದಾವೆ, ಎರಡು ಮೂರು ವಾರದ ಲೆಕ್ಕ ಸಿಗತ್ತೆ. ಮೈಯಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಕಮ್ಮಿ ಇದ್ರೆ ಅವೂ ಸರಿಯಾಗಿ ಬರಲ್ಲ, ನಮ್ಮ ಪೇಷಂಟುಗಳಲ್ಲಿ ತುಂಬ ಜನಕ್ಕೆ ಆಲ್ಬುಮಿನ್ ಕಮ್ಮಿನೇ

ದೊಡ್ಡಪ್ಪ: ಸರಿ, ಶುಗರ್ ಜಾಸ್ತಿ ಇದೆ ಅಂತಾನೇ ಇಟ್ಕೊಳೋಣ. ಇನ್ಸುಲಿನ್ ಸ್ವಲ್ಪ ಏರಿಸ್ಬಿಟ್ರೆ ಮುಗೀತಲ್ಲ, ಅದಕ್ಯಾಕೆ ಇಷ್ಟು ಸಲ ಚೆಕ್ ಮಾಡ್ಬೇಕು

ಅತ್ತಿಗೆ: ದಯವಿಟ್ಟು ಹಂಗೆ ಏರಿಸ್ಬೇಡಿ ಮಾವ, ನಂಗೆ ಭಯ ಇರೋದೇ ಅಲ್ಲಿ. ಇನ್ಸುಲಿನ್ನನ್ನ ಮೈಯಿಂದ ಖಾಲಿ ಮಾಡೋದ್ರಲ್ಲಿ ಕಿಡ್ನಿದು ದೊಡ್ಡ ಪಾಲು, ಕಿಡ್ನಿ ಹೋದ ಮೇಲೆ ಚುಚ್ಚಿದ ಇನ್ಸುಲಿನ್ ಜಾಸ್ತಿ ಹೊತ್ತು ಒಳಗೇ ಉಳಿಯತ್ತೆ, ಶುಗರ್ ಇಳಿದಾಗ ಗ್ಲೂಕೋಸ್ ತಯಾರಿಸಿ ಕೊಡ್ತಿದ್ದ ಕಿಡ್ನಿನೂ ಈಗ ಇಲ್ಲ, ಲಿವರ್ ಒಂದೇ ನೋಡ್ಕೋಬೇಕು. ಅದಕ್ಕೇ ಎಷ್ಟೋ ಜನಕ್ಕೆ ಡಯಾಲಿಸಿಸ್‌ಗೆ ಬಂದ ಮೇಲೆ ಇನ್ಸುಲಿನ್ ಇಳಿಸ್ಬೇಕಾಗತ್ತೆ. ಇನ್ನು ಮಷೀನ್ ಮೇಲೆ ಇರೋ ನಾಲ್ಕು ಗಂಟೆ, ಫಿಲ್ಟರಲ್ಲಿ ರಕ್ತದ ಆಚೆ ಬದಿ ಹರಿಯೋ ಡಯಾಲೈಸೇಟ್ ನೀರಲ್ಲಿ ಗ್ಲೂಕೋಸ್ ಸಾಮಾನ್ಯವಾಗಿ 100ರ ಆಸುಪಾಸು ಇಟ್ಟಿರ್ತಾರೆ, ಕೆಲವು ಕಡೆ ಗ್ಲೂಕೋಸೇ ಇರಲ್ಲ, ರಕ್ತದಲ್ಲಿ 250 ಇದ್ರೆ ಅದು ಆ ಕಡೆಗೆ ಹರಿದು ಇಳಿಯತ್ತೆ, ಇನ್ಸುಲಿನ್ನೂ ಸ್ವಲ್ಪ ಫಿಲ್ಟರಲ್ಲಿ ಹೋಗತ್ತೆ. ಮನೆಗೆ ಬಂದು ಊಟ ಮಾಡಿದ್ ತಕ್ಷಣ ಮತ್ತೆ ಏರತ್ತೆ. ಆ 270 ಡಯಾಲಿಸಿಸ್ ದಿನದ ರಾತ್ರಿದಲ್ವಾ, ಅದನ್ನ ನೋಡಿ ದಿನಾ ರಾತ್ರಿ ಡೋಸ್ ಏರಿಸಿದ್ರೆ ಡಯಾಲಿಸಿಸ್ ಇಲ್ದಿರೋ ದಿನ ಬೆಳಗಿನ ಜಾವ ನಿದ್ದೇಲೇ ಶುಗರ್ ಲೋ ಆಗಬಹುದು

ನಾನು: 58 ಬಂದಾಗ ಅಪ್ಪಂಗೆ ಏನೂ ಗೊತ್ತೇ ಆಗಿಲ್ಲ ಅತ್ತಿಗೆ. ನಡುಕನೂ ಇಲ್ಲ ಎದೆ ಬಡಿತನೂ ಇಲ್ಲ

ಅತ್ತಿಗೆ: ವರ್ಷಗಟ್ಲೆ ಶುಗರ್ ಇದ್ದು ನರ ಸೋತಿದ್ರೆ ಹಂಗಾಗತ್ತೆ, ಬಿಪಿಗೆ ಬೀಟಾ ಬ್ಲಾಕರ್ ತಗೊಳ್ತಿದ್ರೆ ಇನ್ನೂ ಮುಚ್ಚಿಹೋಗತ್ತೆ. ಸುಮ್ನೆ ಬೆವರ್ತಿದ್ರೂ ಚೆಕ್ ಮಾಡಿ. 70ಕ್ಕಿಂತ ಕೆಳಗಿದ್ರೆ 15 ಗ್ರಾಂ ಗ್ಲೂಕೋಸ್ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ನೋಡಿ, ಹಣ್ಣಿನ ರಸ ಬೇಡ, ಪೊಟ್ಯಾಶಿಯಂ ಏರತ್ತೆ

ದೊಡ್ಡಪ್ಪ: ಇದೆಲ್ಲಾ ಹೆದರ್ಸೋ ಮಾತಾಯ್ತು. ನನ್ನ ಪ್ರಕಾರ ಅವನ ತೊಂದ್ರೆ ಶುಗರ್ರೇ ಅಲ್ಲ, ನೀರು. ಎರಡು ಡಯಾಲಿಸಿಸ್ ಮಧ್ಯೆ ನಾಲ್ಕು ಕೆಜಿ ಏರಿಸ್ಕೊಂಡು ಬರ್ತಾನೆ. ಎಷ್ಟು ಸಲ ಬೈದಿದೀನಿ, ಬಾಯಿ ಕಟ್ಟಲ್ಲ

ಅಪ್ಪ: ಬಾಯಿ ಒಣಗತ್ತೆ ಅಣ್ಣ. ರಾತ್ರಿ ಹೊತ್ತಂತೂ ತಡಿಯಕ್ಕಾಗಲ್ಲ

ಅತ್ತಿಗೆ: ಮಾವ, ಚಿಕ್ಕಮಾವನ್ನ ಬೈಬೇಡಿ. ಮೂತ್ರ ಬರ್ತಿರೋರಿಗೆ ಶುಗರ್ ಏರಿದ್ರೆ ಮೂತ್ರದಲ್ಲಿ ಹೋಗತ್ತೆ, ಇವ್ರಿಗೆ ಆ ದಾರಿನೇ ಇಲ್ಲ. ರಕ್ತದಲ್ಲೇ ಉಳಿದ ಸಕ್ಕರೆ, ಮೈಯ ಜೀವಕೋಶಗಳೊಳಗಿನ ನೀರನ್ನ ಹೊರಗೆ ಎಳೆಯತ್ತೆ, ಮಿದುಳು ಬಾಯಾರಿಕೆ ಎಬ್ಬಿಸತ್ತೆ, ಕುಡಿದ ನೀರು ಎಲ್ಲೂ ಹೋಗದೇ ಮೈಯಲ್ಲೇ ನಿಲ್ಲತ್ತೆ. ನಾಲ್ಕು ಕೆಜಿ ಅಂತ ಮಷೀನಲ್ಲಿ ಜೋರಾಗಿ ಎಳೆದ್ರೆ ಬಿಪಿ ಬೀಳತ್ತೆ, ಕಾಲು ಸೆಳೆಯತ್ತೆ. ಶುಗರ್ ಏರಿದಾಗ ಪೊಟ್ಯಾಶಿಯಮ್ಮೂ ಏರಬಹುದು. ರಾತ್ರಿ 270 ಇರೋ ಮನುಷ್ಯಂಗೆ ನೀರು ಕುಡೀಬೇಡ ಅಂತ ಬೈದು ಏನು ಪ್ರಯೋಜನ, ಮೊದ್ಲು ಆ 270 ಇಳಿಸ್ಬೇಕು, ಇಳಿಸ್ಬೇಕು ಅಂದ್ರೆ ಯಾವ ಹೊತ್ತಲ್ಲಿ ಎಷ್ಟಿದೆ ಅಂತ ಗೊತ್ತಿರಬೇಕಲ್ಲ

ದೊಡ್ಡಪ್ಪ: ಇದು ನಂಗೆ ಯಾರೂ ಹೇಳಿರಲಿಲ್ಲ

ತಮ್ಮ: ತೋಳಿಗೆ ಅಂಟಿಸೋ ಸೆನ್ಸರ್ ಹಾಕಿಸಿದ್ರೆ? ಚುಚ್ಚೋದೂ ತಪ್ಪತ್ತೆ

ಅತ್ತಿಗೆ: ಆ ಸೆನ್ಸರ್‌ಗೆ ಸಿಜಿಎಂ ಅಂತಾರೆ, ಒಳ್ಳೇದೇ, ಎಚ್‌ಬಿಎ1ಸಿ ನಂಬಕ್ಕಾಗದೇ ಇದ್ದಾಗ ಉಪಯೋಗಕ್ಕೆ ಬರತ್ತೆ ಅಂತ ಅದೇ ಗೈಡ್‌ಲೈನಲ್ಲೂ ಇದೆ, ಡಯಾಲಿಸಿಸ್ ದಿನ ಹೆಂಗೆ ಉಳಿದ ದಿನ ಹೆಂಗೆ ಅಂತ ಗೆರೆ ಎಳೆದ ಹಾಗೆ ಕಾಣತ್ತೆ, ರಾತ್ರಿ ಲೋ ಆದ್ರೆ ಅಲಾರಂ ಹೊಡಿಯತ್ತೆ. ಆದ್ರೆ ಅದು ನೋಡೋದು ಚರ್ಮದ ಕೆಳಗಿನ ದ್ರವದಲ್ಲಿ, ರಕ್ತಕ್ಕಿಂತ ಸ್ವಲ್ಪ ಹಿಂದೆ ಇರತ್ತೆ, ಮಷೀನ್ ಮೇಲಿದ್ದಾಗ ನೀರು ಸಕ್ಕರೆ ಎರಡೂ ಬೇಗ ಬದಲಾಗ್ತಿರತ್ತೆ. ಕೆಲವು ಸೆನ್ಸರ್‌ಗಳನ್ನ ಡಯಾಲಿಸಿಸ್‌ನೋರಲ್ಲಿ ಪರೀಕ್ಷಿಸಿಲ್ಲ ಅಂತ ಕಂಪನಿಯವ್ರೇ ಬರೆದಿರ್ತಾರೆ, ಅದಕ್ಕೆ ಡಾಕ್ಟ್ರನ್ನ ಕೇಳದೇ ತರಬೇಡಿ. ಮೈ ಹೇಳೋದೇ ಬೇರೆ ಸೆನ್ಸರ್ ಹೇಳೋದೇ ಬೇರೆ ಆದ್ರೆ ಬೆರಳು ಚುಚ್ಚಿ ನೋಡ್ಲೇಬೇಕು. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚೋಕೆ ಜೋಡಿಸಿರೋ ರಕ್ತನಾಳ) ಇರೋ ಕೈಗೆ ಅಂಟಿಸ್ಬೇಡಿ

ಸುಧಾ ಅತ್ತೆ: ಎಲ್ಲಾ ಓದಿದೆ. ನಮ್ಮನೆಯವರದ್ದು ಹೊಟ್ಟೆ ಡಯಾಲಿಸಿಸ್ಸು, ಅವರಿಗೂ ಇದೇ ಲೆಕ್ಕನಾ? ಬೆಳಗ್ಗೆ ಯಾವಾಗ್ಲೂ 240, 250 ತೋರಿಸತ್ತೆ, ಆದ್ರೆ ಅವ್ರು ತಲೆ ಸುತ್ತತ್ತೆ ಸುಸ್ತು ಅಂತಾರೆ. ಇವತ್ತಿಂದ ನಾಲ್ಕು ಯೂನಿಟ್ ಜಾಸ್ತಿ ಕೊಡೋಣ ಅಂತಿದ್ದೆ

ಅತ್ತಿಗೆ: ಅತ್ತೆ, ಕೊಡೋ ಮುಂಚೆ ಎರಡು ವಿಷಯ ಹೇಳಿ. ರಾತ್ರಿ ಹೊಟ್ಟೆಗೆ ಬಿಡೋ ದ್ರಾವಣದ ಬ್ಯಾಗ್ ಮೇಲೆ ಐಕೋಡೆಕ್ಸ್ಟ್ರಿನ್ ಅಂತ ಇದೆಯಾ? ಮೀಟರ್ ಯಾವ ಕಾಲದ್ದು?

ಸುಧಾ ಅತ್ತೆ: ಐಕೋಡೆಕ್ಸ್ಟ್ರಿನ್ನೇ. ಮೀಟರ್ ತುಂಬ ಹಳೇದು, ನಮ್ಮತ್ತೆ ಕಾಲದ್ದು. ಸ್ಟ್ರಿಪ್ಪೂ ಅವ್ರದೇ ಉಳಿದಿದ್ದು

ಅತ್ತಿಗೆ: ಸ್ಟ್ರಿಪ್ ಡಬ್ಬಿ ಜೊತೆ ಬಂದ ಚೀಟಿ ಇದ್ರೆ ಓದಿ. ಜಿಡಿಎಚ್ ಪಿಕ್ಯೂಕ್ಯೂ (GDH-PQQ, ಸ್ಟ್ರಿಪ್‌ನಲ್ಲಿರೋ ಕಿಣ್ವದ ಹೆಸರು) ಅಂತಿದ್ಯಾ ನೋಡಿ. ಐಕೋಡೆಕ್ಸ್ಟ್ರಿನ್ ಮೈಯಲ್ಲಿ ಮಾಲ್ಟೋಸ್ ಅನ್ನೋ ಬೇರೆ ಸಕ್ಕರೆ ಆಗತ್ತೆ, ಆ ಜಾತಿ ಸ್ಟ್ರಿಪ್‌ಗೆ ಮಾಲ್ಟೋಸೂ ಗ್ಲೂಕೋಸೂ ಒಂದೇ, ಎರಡನ್ನೂ ಕೂಡಿಸಿ ತೋರಿಸತ್ತೆ. ನಿಜವಾಗಿ 70 ಇದ್ರೂ ಮೀಟರಲ್ಲಿ 200 ದಾಟಬಹುದು. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆನೇ ಎಚ್ಚರಿಕೆ ಕೊಡ್ತು, ಇಂಥಾ ಸ್ಟ್ರಿಪ್ ತಪ್ಪು ತೋರಿಸಿದ 13 ಸಾವುಗಳ ವರದಿ ಅವ್ರಿಗೆ ಬಂದಿತ್ತು

ಸುಧಾ ಅತ್ತೆ: ಚೀಟಿ ಸಿಕ್ತು. ಜಿಡಿಎಚ್ ಅಂತಿದೆ, ಮುಂದೆ ಪಿಕ್ಯೂಕ್ಯೂ ಅಂತಾನೇ ಇದೆ ಸವಿತಾ

ಅತ್ತಿಗೆ: ಹಂಗಿದ್ರೆ ಆ ಮೀಟರ್ ಪಕ್ಕಕ್ಕಿಡಿ, ಯಾರಿಗೂ ಕೊಡ್ಬೇಡಿ. ನಾಲ್ಕು ಯೂನಿಟ್ ಏರಿಸ್ಬೇಡಿ. ಈಗ್ಲೇ ಅವರ ಡಯಾಲಿಸಿಸ್ ನರ್ಸ್‌ಗೆ ಫೋನ್ ಮಾಡಿ ಬ್ಯಾಗ್ ಹೆಸರು ಸ್ಟ್ರಿಪ್ ಹೆಸರು ಎರಡೂ ಹೇಳಿ, ಇವತ್ತಿನ ಡೋಸ್ ಎಷ್ಟು ಅಂತ ಕೇಳಿ, ಲ್ಯಾಬಲ್ಲಿ ರಕ್ತ ಕೊಟ್ಟು ಗ್ಲೂಕೋಸ್ ನೋಡ್ಸಿ. ಬ್ಯಾಗ್ ಬದಲಾಯಿಸಿದ್ರೂ ಎರಡು ವಾರದ ತನಕ ಆ ಸ್ಟ್ರಿಪ್ ನಂಬೋ ಹಾಗಿಲ್ಲ. ಈಗ ತಲೆ ಸುತ್ತಿದ್ರೆ ಮೀಟರ್ ಎಷ್ಟೇ ತೋರಿಸ್ಲಿ ಲೋ ಅಂತಾನೇ ತಿಳ್ಕೊಂಡು ಗ್ಲೂಕೋಸ್ ಕೊಡಿ, ಮಾತು ತೊದಲಿದ್ರೆ, ಮಂಕಾದ್ರೆ ಕಾಯ್ಬೇಡಿ, ಸೀದಾ ಆಸ್ಪತ್ರೆಗೆ

ಸುಧಾ ಅತ್ತೆ: ಎದ್ದು ಕೂತು ಮಾತಾಡ್ತಿದಾರೆ. ನರ್ಸ್‌ಗೆ ಫೋನ್ ಹಚ್ಚಿದೀನಿ

ದೊಡ್ಡಪ್ಪ: ಸುಧಾ, ಏನಂದ್ರು ಅಂತ ಇಲ್ಲೇ ಹಾಕು. ಸವಿತಾ, ಆ ಮೆಸೇಜನ್ನ ನಾನು ಇನ್ನೂ ಎರಡು ಗುಂಪಿಗೆ ಹಾಕಿದೀನಿ, ಅಲ್ಲಿಗೆ ಏನು ಬರೀಬೇಕು ಅಂತ ಬರ್ದು ಕಳ್ಸಮ್ಮ, ಈ ಸ್ಟ್ರಿಪ್ ವಿಷಯನೂ ಸೇರ್ಸು