ಆರು ಬೆಡ್, ಎರಡೇ ಕೈ: ಮೊದಲು ಯಾರ ಹತ್ತಿರ ಹೋಗುವುದು?

ಕೇಳಿದವರು: ಬಿಎಸ್ಸಿ ನರ್ಸಿಂಗ್, 3ನೇ ವರ್ಷ

ಸಿಸ್ಟರ್, ಬ್ರದರ್ ಎಲ್ಲರಿಗೂ ನಮಸ್ಕಾರ. ಮೆಡಿಕಲ್ ವಾರ್ಡಿನಲ್ಲಿ ಪೋಸ್ಟಿಂಗ್ ನಡೀತಾ ಇದೆ. ನನಗೆ ಆರು ಬೆಡ್ ಕೊಟ್ಟಿದ್ದಾರೆ. ಮೊನ್ನೆ ಬೆಳಿಗ್ಗೆ 2ನೇ ಬೆಡ್ಡಿನವರ ಮಗ ಡ್ರಿಪ್ ಖಾಲಿ ಆಯ್ತು ಅಂತ ಜೋರು ಮಾಡಿದರು, ಅಲ್ಲಿಗೆ ಓಡಿದೆ. ಆಮೇಲೆ ಒಬ್ಬ ಅಜ್ಜ ಬೆಡ್‌ಶೀಟ್ ಬದಲಿಸಮ್ಮ ಅಂದರು, ಬದಲಿಸಿದೆ. ಅಷ್ಟರಲ್ಲಿ 5ನೇ ಬೆಡ್ಡಿನ ಶುಗರ್ ಪೇಷಂಟ್ ಬೆವರಿ ಒದ್ದೆಯಾಗಿದ್ದರು. ಏಳೂವರೆಗೆ ಇನ್ಸುಲಿನ್ ಹೋಗಿತ್ತು, ತಿಂಡಿ ಬಂದೇ ಇರಲಿಲ್ಲ. ಚೆಕ್ ಮಾಡಿದರೆ ಶುಗರ್ 54, ತೀರಾ ಕಮ್ಮಿ. ಸ್ಟಾಫ್ ಸಿಸ್ಟರ್ ತಕ್ಷಣ ಗ್ಲೂಕೋಸ್ ಕಲಸಿ ಕುಡಿಸಿದರು. ನನಗೆ ಚೆನ್ನಾಗಿ ಬೈಗುಳ ಬಿತ್ತು.

ಎಬಿಸಿ ಬಾಯಿಪಾಠ ಇದೆ. ಮೊದಲು ಶ್ವಾಸನಾಳ, ಆಮೇಲೆ ಉಸಿರು, ಆಮೇಲೆ ರಕ್ತ ಸಂಚಾರ. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸೂ ಬಂದಿದೆ. ಆದರೆ ಆರೂ ಜನ ಉಸಿರಾಡಿಕೊಂಡು ಮಲಗಿರುವಾಗ ಎಬಿಸಿ ಇಟ್ಟುಕೊಂಡು ಏನು ಮಾಡಲಿ? ನೀವೆಲ್ಲ ಹೇಗೆ ಕಲಿತಿರಿ?

ವಾರ್ಡ್ ಸಿಸ್ಟರ್, 16 ವರ್ಷ ಸರ್ವಿಸ್

ಬೈಗುಳ ಮರೆತುಬಿಡು ಪುಟ್ಟಾ, ನಮಗೆಲ್ಲ ಬಿದ್ದಿದೆ. ನೀನು ಕರೆದವರ ಹತ್ತಿರ ಹೋದೆ, ಅಷ್ಟೇ ಆಗಿದ್ದು. ಸಾದಾ ಸಲೈನ್ ಖಾಲಿಯಾದರೆ ಹೆಚ್ಚೆಂದರೆ ಲೈನ್ ಬ್ಲಾಕ್ ಆಗುತ್ತೆ, ಇನ್ನೊಂದು ಚುಚ್ಚಬೇಕಾಗುತ್ತೆ. ಇನ್ಸುಲಿನ್ ಹೋಗಿ ಹೊಟ್ಟೆಗೆ ಏನೂ ಬೀಳದಿದ್ದರೆ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ನಾನು ಪ್ರತಿ ಬೆಡ್ ಮುಂದೆ ನಿಂತು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇನ್ನು ಅರ್ಧ ಗಂಟೆ ಈ ಕಡೆ ಬರದಿದ್ದರೆ ಇವರಿಗೆ ಏನಾಗಬಹುದು?

ಇನ್ನೊಂದು ಅಭ್ಯಾಸ ಮಾಡಿಕೋ. ಹ್ಯಾಂಡೋವರ್ (ಹಿಂದಿನ ಶಿಫ್ಟಿನವರು ಪೇಷಂಟ್‌ಗಳನ್ನು ಒಪ್ಪಿಸುವುದು) ಮುಗಿದ ಕೂಡಲೇ ಟ್ರೇ ಮುಟ್ಟಬೇಡ. ಬರಿಗೈಯಲ್ಲಿ ಆರೂ ಬೆಡ್ ಸುತ್ತಿ ಬಾ. ತಿಂಡಿ ಆಯ್ತಾ ಅಂತ ಕೇಳು. ಉತ್ತರ ಪೂರ್ತಿ ಬಂತಾ, ನಡುವೆ ಉಸಿರು ಎಳೆದುಕೊಂಡರಾ, ಪ್ರಶ್ನೆಯೇ ಅರ್ಥ ಆಗದವರ ಹಾಗೆ ನೋಡಿದರಾ? ಕೈ ಮುಟ್ಟು, ತಣ್ಣಗಿದೆಯಾ? ಯೂರಿನ್ ಬ್ಯಾಗಿನಲ್ಲಿ ಎಷ್ಟಿದೆ? ಮೂರು ನಿಮಿಷದ ಕೆಲಸ. ಇಷ್ಟು ಮಾಡಿದ್ದರೆ ನಿನ್ನ 5ನೇ ಬೆಡ್ ಏಳೂಮುಕ್ಕಾಲಿಗೇ ಸಿಕ್ಕಿಬಿಡ್ತಿತ್ತು.

ನನಗೆ ಪಾಠ ಆಗಿದ್ದು ಡೆಂಗ್ಯೂ ಸೀಸನ್‌ನಲ್ಲಿ. ಒಬ್ಬ ಹುಡುಗ, ಐದನೇ ದಿನದ ಜ್ವರ. ಬೆಳಿಗ್ಗೆ ಟೆಂಪರೇಚರ್ ನಾರ್ಮಲ್. ಅವರಮ್ಮ ಖುಷಿಯಾಗಿ, 'ಜ್ವರ ಬಿಡ್ತು ಸಿಸ್ಟರ್, ಮಲಗಲಿ ಬಿಡಿ' ಅಂದರು. ಪಕ್ಕದ ಬೆಡ್ಡಿನಲ್ಲಿ 103 ಜ್ವರ, ನಡುಕ, ಮನೆಯವರೆಲ್ಲ ಸುತ್ತ ನಿಂತಿದ್ದರು. ನಾನು ಆ ಕಡೆ ಹೊರಟೆ. ನಮ್ಮ ಇನ್‌ಚಾರ್ಜ್ ಸಿಸ್ಟರ್ ತೋಳು ಹಿಡಿದು ಹುಡುಗನ ಪಾದ ಮುಟ್ಟಿಸಿದರು. ಐಸ್! ಬಿಪಿ 96/80. 96 ನೋಡಿ ಪರವಾಗಿಲ್ಲ ಅಂದುಕೊಂಡೆ. 'ಮೇಲಿನದು, ಕೆಳಗಿನದು ಎಷ್ಟು ಹತ್ತಿರ ಬಂದಿದೆ ನೋಡು' ಅಂದರು. ಡೆಂಗ್ಯೂನಲ್ಲಿ ಜ್ವರ ಇಳಿಯುವ ಹೊತ್ತಿಗೇ ರಕ್ತನಾಳದಿಂದ ನೀರಂಶ ಸೋರುವುದು ಜಾಸ್ತಿಯಾಗುತ್ತೆ. ಆ ಒಂದೆರಡು ದಿನವೇ ಕಷ್ಟದ್ದು. ವ್ಯತ್ಯಾಸ 20 ಅಥವಾ ಅದಕ್ಕಿಂತ ಕಮ್ಮಿ ಅಂದರೆ ಶಾಕ್, ಅಂದರೆ ರಕ್ತ ಸಂಚಾರ ಕುಸಿಯುವುದು, ಶುರುವಾಗಿದೆ ಅಂತ. ಹುಡುಗ ಉಳಿದ. ಅವತ್ತಿಂದ ನಾನು ಪಾದ ಮುಟ್ಟದೆ ರೌಂಡ್ ಮುಗಿಸಲ್ಲ.

ಕ್ಯಾಜುವಾಲ್ಟಿ ಬ್ರದರ್

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಉಸಿರನ್ನು ನಿಜವಾಗಿ ಎಣಿಸಿ. ನಮ್ಮ ಚಾರ್ಟುಗಳಲ್ಲಿ ವಾರ್ಡಿಗೆ ವಾರ್ಡೇ ನಿಮಿಷಕ್ಕೆ 20 ಉಸಿರಾಡುತ್ತಿರುತ್ತೆ, ಯಾರೂ ಎಣಿಸಿರಲ್ಲ. ಪೇಷಂಟ್ ಕೆಡುವಾಗ ಎಷ್ಟೋ ಸಲ ಮೊದಲು ಏರುವುದು ಅದೇ. ಪಲ್ಸ್ ನೋಡುವ ಹಾಗೆ ಮಣಿಕಟ್ಟು ಹಿಡಿದುಕೊಂಡು ಎದೆ ನೋಡಿ, ಇಡೀ ಒಂದು ನಿಮಿಷ. ಉಸಿರು ಎಣಿಸ್ತೀನಿ ಅಂತ ಹೇಳಿದರೆ ಅವರು ಉಸಿರಾಟ ಬದಲಿಸಿಬಿಡ್ತಾರೆ.

ಒಂದು ನಂಬರ್ ಮಾತ್ರ ನೋಡಿ ಓಡಬೇಡಿ. ಬಹಳ ವರ್ಷ ಬೀಡಿ ಸೇದಿ ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಬಂದವರಿಗೆ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 90 ಇದ್ದರೆ ಸಾಮಾನ್ಯವಾಗಿ ಡಾಕ್ಟರ್ ಅಷ್ಟೇ ಸಾಕು ಅಂತಾರೆ. ಆಪರೇಷನ್ ಆಗಿ ಬಂದವರದ್ದು ಹತ್ತು ಗಂಟೆಗೆ 98 ಇದ್ದು ಹನ್ನೊಂದಕ್ಕೆ 91 ಆದರೆ ಅಲ್ಲಿಗೆ ಮೊದಲು ಹೋಗಿ. ಹಾಗೇ ಪಲ್ಸ್ 84, 98, 116 ಅಂತ ಏರ್ತಾ ಇದ್ದರೆ ಬಿಪಿ ಬೀಳಲಿ ಅಂತ ಕಾಯಬೇಡಿ. ಒಳಗೆ ರಕ್ತ ಹೋಗ್ತಾ ಇದ್ದರೂ ಬಿಪಿ ಸ್ವಲ್ಪ ಹೊತ್ತು ಹಿಡಿದುಕೊಂಡಿರುತ್ತೆ. ಬೆಡ್‌ಶೀಟ್ ಎತ್ತಿ ಡ್ರೆಸ್ಸಿಂಗ್ ನೋಡಿ, ಬೆನ್ನ ಕೆಳಗೂ ಕೈ ಹಾಕಿ.

ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವರು

ತಪ್ಪು ಪೂರ್ತಿ ನಿಮ್ಮದಲ್ಲ ಕಣಮ್ಮ. ನಾವು ಪರೀಕ್ಷೆಗೆ ಒಂದೇ ಪೇಷಂಟ್ ಕೊಟ್ಟು ಕೇರ್ ಪ್ಲಾನ್ ಬರೆಸ್ತೀವಿ. ಆರು ಜನರಲ್ಲಿ ಯಾರು ಮೊದಲು ಅಂತ ಕೇಳುವುದೇ ಕಮ್ಮಿ. ಈಗ ನಾನು ನನ್ನ ಹುಡುಗಿಯರಿಗೆ ಬೆಳಿಗ್ಗೆ ಒಂದು ಚೀಟಿಯಲ್ಲಿ ಬೆಡ್ ನಂಬರ್‌ಗಳನ್ನು ಸಾಲಾಗಿ ಬರೆದು, ಪಕ್ಕದಲ್ಲಿ ಕಾರಣ ಒಂದೇ ಸಾಲು ಬರೆಯೋಕೆ ಹೇಳ್ತೀನಿ. ಹತ್ತು ಗಂಟೆಗೆ ಅದೇ ಚೀಟಿ ತಿದ್ದಬೇಕು. ತಿದ್ದದೆ ಹಾಗೇ ಇಟ್ಟುಕೊಂಡು ಬಂದವರನ್ನೇ ನಾನು ಜಾಸ್ತಿ ಪ್ರಶ್ನೆ ಕೇಳುವುದು.

ಸ್ಟೂಡೆಂಟ್ ಆಗಿ ನೀವೇ ಎಲ್ಲ ಮಾಡಬೇಕಿಲ್ಲ. ಬೆಡ್‌ಶೀಟಿಗೆ ಆಯಾ ಇದ್ದಾರೆ. ಅನುಮಾನ ಬಂದರೆ ಸ್ಟಾಫಿಗೆ ಹೇಳಿ, ಆದರೆ 'ಸಿಸ್ಟರ್, ಅವರು ಯಾಕೋ ಒಂಥರಾ ಇದ್ದಾರೆ' ಅಂದರೆ ಯಾರೂ ಎದ್ದು ಬರಲ್ಲ. 'ಸಿಸ್ಟರ್, 5ನೇ ಬೆಡ್, ಏಳೂವರೆಗೆ ಇನ್ಸುಲಿನ್ ಆಗಿದೆ, ತಿಂಡಿ ತಿಂದಿಲ್ಲ, ಬೆವರ್ತಾ ಇದ್ದಾರೆ, ಶುಗರ್ ನೋಡಲಾ?' ಅನ್ನಿ.

ಇಂಗ್ಲೆಂಡಿನಲ್ಲಿರುವ ಕನ್ನಡದ ನರ್ಸ್

ಇಲ್ಲಿ ಪೇಷಂಟ್ ಕೆಡುತ್ತಿರುವುದನ್ನು ಬೇಗ ಗುರುತಿಸೋಕೆ ನ್ಯೂಸ್ (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಅನ್ನುವ ಅಂಕದ ಲೆಕ್ಕ ಇದೆ. 2012ರಲ್ಲಿ ಬಂತು, 2017ರಲ್ಲಿ ತಿದ್ದಿದರು. ಉಸಿರು, ಸ್ಯಾಚುರೇಶನ್, ಬಿಪಿ, ಪಲ್ಸ್, ಪ್ರಜ್ಞೆ, ಟೆಂಪರೇಚರ್ ಒಂದೊಂದಕ್ಕೂ 0ಯಿಂದ 3. ಆಕ್ಸಿಜನ್ ಹಾಕಿದ್ದರೆ ಮತ್ತೆ 2. ಒಟ್ಟು 5 ಮುಟ್ಟಿದರೆ ಡಾಕ್ಟರನ್ನು ಬೇಗ ಕರೆಯಬೇಕು, 7 ಅಥವಾ ಜಾಸ್ತಿ ಆದರೆ ಎಮರ್ಜೆನ್ಸಿ. ಉಸಿರು ನಿಮಿಷಕ್ಕೆ 25 ಅಥವಾ ಜಾಸ್ತಿ ಆದರೆ ಅದೊಂದಕ್ಕೇ 3 ಅಂಕ, ಬ್ರದರ್ ಹೇಳಿದ್ದು ಸರಿ. ಕಲಿಯುವವರಿಗೆ ಒಳ್ಳೆ ಊರುಗೋಲು. ಆದರೆ ನಿಮ್ಮ 5ನೇ ಬೆಡ್ ಇದರಲ್ಲೂ ತಪ್ಪಿಸಿಕೊಳ್ಳುತ್ತಿದ್ದರೇನೋ, ಯಾಕಂದರೆ ಶುಗರ್ ಈ ಲೆಕ್ಕದಲ್ಲೇ ಇಲ್ಲ!

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬರಿಗೈಯಲ್ಲಿ ಸುತ್ತಿದೆ. ಚೀಟಿಯಲ್ಲಿ 3ನೇ ಬೆಡ್ ಕೊನೆಗಿತ್ತು, ನಾಳೆ ಡಿಸ್ಚಾರ್ಜ್ ಅಂತ. ಎಣಿಸಿದರೆ ಉಸಿರು 28. ನಂಬಿಕೆ ಬರದೆ ಇನ್ನೊಂದು ನಿಮಿಷ ಎಣಿಸಿದೆ, ಅಷ್ಟೇ ಬಂತು. ನಂಬರ್ ಸಮೇತ ಹೇಳಿದೆ, ಸಿಸ್ಟರ್ ಎದ್ದು ಬಂದರು. ಅಜ್ಜನ ಬೆಡ್‌ಶೀಟ್ ಬದಲಿಸುವಷ್ಟರಲ್ಲಿ ಹನ್ನೊಂದಾಗಿತ್ತು. ಅವರು ಈಗ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ.